ಕೈ ಬಿಚ್ಚುವುದೆಲ್ಲಿ, ಮುಷ್ಟಿ ಬಿಗಿಯುವುದೆಲ್ಲಿ



ಬ್ಯಾಂಕಿನಲ್ಲಿ ಚಿನ್ನದ ಸಾಲದ ಮೇಜಿನ ಹಿಂದೆ ಕೂತು ಕೆಲಸ ಮಾಡಿದವಳು ನಾನು. ಮನುಷ್ಯರಿಗೂ ಹಣಕ್ಕೂ ಇರುವ ನಂಟು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಸರಾಫರು ಬಳೆಯನ್ನು ಒರೆಗಲ್ಲಿಗೆ ಉಜ್ಜುತ್ತಾರೆ, ಆ ಗೆರೆಯ ಮೇಲೆ ಆ್ಯಸಿಡ್ಡಿನ ಹನಿ ಬಿಡುತ್ತಾರೆ, ತೂಕ ಮಾಡುತ್ತಾರೆ, ಕಲ್ಲು ಅರಗು ಕಳೆದು ನಿವ್ವಳ ತೂಕ ಬರೆಯುತ್ತಾರೆ. ಅಷ್ಟು ಹೊತ್ತು ಎದುರಿಗೆ ಕೂತವರ ಮುಖ ನೋಡಬೇಕು.

ಒಬ್ಬರು ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅದೇ ಜೋಡಿ ಬಳೆ ತರುತ್ತಿದ್ದರು. ಮಕ್ಕಳ ಫೀಸಿನ ಹಣ ಎಣಿಸಿಕೊಂಡು, ಮಳೆ ಹಿಡಿದದ್ದರ ಬಗ್ಗೆ ನಾಲ್ಕು ಮಾತಾಡಿ, ನಗುತ್ತಾ ಹೋಗುತ್ತಿದ್ದರು. ಅಡಿಕೆ ಮಾರಿದ ಮೇಲೆ ಬಂದು ಬಿಡಿಸಿಕೊಳ್ಳುತ್ತಿದ್ದರು. ಇನ್ನೊಬ್ಬರು, ಹೆಚ್ಚುಕಡಿಮೆ ಅಷ್ಟೇ ತೂಕದ ಸರ ತಂದವರು, ಬರಿಗೊರಳು ಕಾಣದ ಹಾಗೆ ಸೆರಗು ಎಳೆದುಕೊಂಡು ಕೂತಿದ್ದರು. "ಮೇಡಂ, ಹೆಸರು ಸ್ವಲ್ಪ ಮೆಲ್ಲಗೆ ಕರೀರಿ, ಹೊರಗೆ ನಮ್ಮ ಕಡೆಯವರು ಕೂತಿದ್ದಾರೆ" ಎಂದರು. ಇಬ್ಬರಿಗೂ ಗ್ರಾಮಿಗೆ ಒಂದೇ ದರ, ಒಂದೇ ಬಡ್ಡಿ, ಒಂದೇ ರಸೀದಿ. ಒಬ್ಬರಿಗೆ ಆ ಚಿನ್ನ ಕಷ್ಟಕಾಲಕ್ಕೆ ಆಗಲೆಂದೇ ಮಾಡಿಸಿದ್ದು. ಇನ್ನೊಬ್ಬರಿಗೆ ಅದು ಮನೆಯ ಮಾನ; ಅದನ್ನು ಅಡವಿಡುವುದೆಂದರೆ ಮಾನವನ್ನೇ ಮೇಜಿನ ಮೇಲೆ ಇಟ್ಟ ಹಾಗೆ.

ಈ ಭಾವನೆಗಳು ನಮ್ಮಲ್ಲಿ ಎಲ್ಲಿಂದ ಬರುತ್ತವೆ, ಅವುಗಳಲ್ಲಿ ನಾವೇ ಮನಸಾರೆ ಒಪ್ಪಿಕೊಂಡದ್ದು ಯಾವುದು, ಬರೀ ಅಂಜಿಕೆಯಿಂದ ಉಳಿಸಿಕೊಂಡದ್ದು ಯಾವುದು ಎಂದು ತಿಳಿಯುವುದು ಹೇಗೆ ಎಂಬುದನ್ನು ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಹಣವನ್ನು ಎಲ್ಲಿ ಹೂಡಬೇಕು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹೂಡುವ ಕೈ ಎಂಥದ್ದು ಎಂದು ಕೇಳುವವರು ಕಡಿಮೆ.

ಹಣದ ಪಾಠ ನಮಗೆ ಸಂಬಳ ಬರುವ ಎಷ್ಟೋ ವರ್ಷ ಮೊದಲೇ ಆಗಿರುತ್ತದೆ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಅಂಗಡಿಯವರು ಸಾಲದ ಪುಸ್ತಕ ತೆಗೆದಾಗ ಅಪ್ಪ ಬೇರೆ ಕಡೆ ನೋಡಿದ್ದು, ನೆಂಟರು ಬರುತ್ತಾರೆ ಎಂದಾಗ ಅಮ್ಮ ಡಬ್ಬಿಗಳನ್ನು ಒಮ್ಮೆ ತೆರೆದು ಮುಚ್ಚಿದ್ದು, ಚಿಕ್ಕಪ್ಪ ಬಂದು ಹೋದ ಮೇಲೆ ಮನೆಯಲ್ಲಿ ಎರಡು ದಿನ ಮಾತಿಲ್ಲದೇ ಹೋದದ್ದು, ಇಂಥದ್ದನ್ನೆಲ್ಲ ಮಕ್ಕಳು ನೋಡುತ್ತಾರೆ. ಕಾರಣ ಗೊತ್ತಾಗುವುದಿಲ್ಲ, ಭಯ ಮಾತ್ರ ಗೊತ್ತಾಗುತ್ತದೆ. ದೊಡ್ಡವರಾದ ಮೇಲೆ ಆ ಭಯವನ್ನೇ "ನನ್ನ ಸ್ವಭಾವ" ಎಂದುಕೊಳ್ಳುತ್ತೇವೆ.

ಊರಿನ ಚರಿತ್ರೆಯೂ ಹೀಗೆಯೇ ಒಳಗೆ ಇಳಿಯುತ್ತದೆ. ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಡಿಕ್ಲರೇಶನ್ ಹಾಕಿದರು, ಭೂಮಿ ಉಳುವವನದ್ದಾಯಿತು. ಅದು ನ್ಯಾಯವಾದ ಕೆಲಸ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಒಂದೇ ಗುಡ್ಡದ ಈಚೆ ಆಚೆ ಇದ್ದ ಎರಡು ಮನೆಗಳಲ್ಲಿ ಆ ವರ್ಷದ ನೆನಪು ಎರಡು ಬಗೆ. ಧಣಿಗಳ ಮನೆಯಲ್ಲಿ ಹುಟ್ಟಿದ ಮಾತು: ಆಸ್ತಿಯನ್ನು ನೆಚ್ಚಬೇಡ, ಯಾವಾಗ ಬೇಕಾದರೂ ಹೋಗುತ್ತದೆ, ಓದಿ ಕೆಲಸ ಹಿಡಿ. ಒಕ್ಕಲ ಮನೆಯಲ್ಲಿ ಹುಟ್ಟಿದ ಮಾತು: ಉಪವಾಸ ಬಿದ್ದರೂ ಸರಿ, ಈ ಭೂಮಿಯನ್ನು ಮಾರಬೇಡ. ಆ ಎರಡು ಮನೆಗಳ ಮೊಮ್ಮಕ್ಕಳು ಇವತ್ತು ಬೆಂಗಳೂರಿನ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತಿರಬಹುದು. ಒಬ್ಬನಿಗೆ ಸೈಟು ಕೊಳ್ಳುವವರೆಗೆ ನಿದ್ದೆ ಬರುವುದಿಲ್ಲ. ಇನ್ನೊಬ್ಬ ಬಾಡಿಗೆ ಮನೆಯಲ್ಲಿ ನಿಶ್ಚಿಂತೆಯಾಗಿದ್ದು ಮಗಳ ಓದಿಗೆ ಹಣ ಸುರಿಯುತ್ತಾನೆ. ಇಬ್ಬರೂ ಲೆಕ್ಕ ಹಾಕಿಯೇ ಹೀಗೆ ಮಾಡುತ್ತಿದ್ದೇವೆ ಎಂದು ನಂಬಿದ್ದಾರೆ. ಲೆಕ್ಕದ ಹಿಂದೆ ಅಜ್ಜನ ಮಾತಿದೆ.

ಆದ್ದರಿಂದ ಮನೆಯಲ್ಲಿ ಹಿರಿಯರಿದ್ದರೆ ಒಂದು ಪ್ರಶ್ನೆ ಕೇಳಿ: "ನಮ್ಮ ಮನೆಗೆ ಹಣದ ವಿಷಯದಲ್ಲಿ ತೀರಾ ಕಷ್ಟವಾದ ವರ್ಷ ಯಾವುದು?" ಮೊದಲು ಹಾರಿಕೆಯ ಉತ್ತರ ಬರುತ್ತದೆ. ತಾಳ್ಮೆಯಿಂದ ಕೂತರೆ ಕಥೆ ಹೊರಬರುತ್ತದೆ: ಜಾಮೀನು ಹಾಕಿ ಮುಳುಗಿದ್ದು, ಪಾಲಿನಲ್ಲಿ ಮೋಸ ಹೋದದ್ದು, ಬರಗಾಲದಲ್ಲಿ ಎತ್ತು ಮಾರಿದ್ದು. ಅದನ್ನು ಕೇಳಿಸಿಕೊಂಡ ಮೇಲೆ ನಿಮ್ಮದೇ ಎಷ್ಟೋ ಹಟಗಳಿಗೆ ಮೂಲ ಸಿಗುತ್ತದೆ. ನಮ್ಮ ಗಾದೆಗಳೂ ಹೀಗೆ ಒಂದೊಂದು ಮನೆಯ ಅನುಭವದಿಂದ ಬಂದವು. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದವರೂ ನಮ್ಮವರೇ, "ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ" ಎಂದವರೂ ನಮ್ಮವರೇ. ನಿಮ್ಮ ಬಾಯಿಗೆ ತಾನಾಗಿ ಬರುವ ಗಾದೆ ಯಾವುದು ಎಂದು ಗಮನಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಉಳಿತಾಯದ ಬುದ್ಧಿ ಕೆಲವರಿಗೆ ಹುಟ್ಟಿನಿಂದ ಇರುತ್ತದೆ, ಬಡವರಿಗೆ ಅದು ಇರುವುದಿಲ್ಲ ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಅದು ಸುಳ್ಳು ಎಂದು ಉಡುಪಿ ಬಹಳ ಹಿಂದೆಯೇ ತೋರಿಸಿದೆ. 1925ರಲ್ಲಿ ಅಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಮೂವರೂ ಸೇರಿ ಹುಟ್ಟುಹಾಕಿದ್ದು. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ ಅದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ದಿನಗೂಲಿಯವರಿಗೆ, ಬುಟ್ಟಿಯಲ್ಲಿ ಮೀನು ಮಾರುವವರಿಗೆ, ಬೀದಿ ಬದಿಯ ವ್ಯಾಪಾರದವರಿಗೆ ತಿಂಗಳ ಕೊನೆಯಲ್ಲಿ ದೊಡ್ಡ ಮೊತ್ತ ಉಳಿಸುವುದು ಆಗದ ಮಾತು, ಏಕೆಂದರೆ ಅವರಿಗೆ ತಿಂಗಳು ಎಂಬುದೇ ಇಲ್ಲ, ಇರುವುದು ದಿನ. ದಿನದ ಆದಾಯದವರಿಗೆ ದಿನದ ಉಳಿತಾಯದ ದಾರಿ ಮಾಡಿಕೊಟ್ಟಾಗ ಅವರು ಉಳಿಸಿದರು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಪೇಟೆಯ ಅಂಗಡಿಗಳಲ್ಲಿ ಇನ್ನೂ ಇದೆ. ಸಂಜೆ ಸಹಕಾರಿ ಸಂಘದ ಪಿಗ್ಮಿಯವರು ಬಂದಾಗ ಅಂಗಡಿಯವರು ಗಲ್ಲಾ ಪೆಟ್ಟಿಗೆಯಿಂದ ಐವತ್ತೋ ನೂರೋ ತೆಗೆದು ಕೊಡುವುದನ್ನು ನೀವೂ ನೋಡಿರುತ್ತೀರಿ. ಹಾಗಾಗಿ, "ನನ್ನ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ" ಎಂದು ಹಣೆಬರಹವನ್ನು ದೂರುವ ಮೊದಲು, ನಿಲ್ಲುವ ದಾರಿ ನಮಗೆ ಇತ್ತೇ ಎಂದು ಕೇಳಿಕೊಳ್ಳಬೇಕು. ನಮ್ಮ ಸ್ವಭಾವ ಎಂದುಕೊಂಡದ್ದರಲ್ಲಿ ಎಷ್ಟೋ ಪಾಲು ನಮ್ಮ ಪರಿಸ್ಥಿತಿ.

ಇನ್ನು ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಅಡಗಿಸಿಡುವ ಹಣದ ವಿಷಯ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. ಮುಂದಿನ ದಿನಗಳಲ್ಲಿ ಬ್ಯಾಂಕಿನ ಸರತಿ ಸಾಲುಗಳಲ್ಲಿ ಎಷ್ಟು ಜನ ಹೆಂಗಸರು ನಿಂತಿದ್ದರು! ಹಾಸಿಗೆಯ ಅಡಿಯ, ಸೀರೆ ಮಡಿಕೆಯ, ಅಕ್ಕಿ ಡ್ರಮ್ಮಿನ ಹಣ ಗಂಡನ ಎದುರಿಗೆ, ಅತ್ತೆಯ ಎದುರಿಗೆ ಹೊರಬಂತು. ಆಗ ಅದನ್ನು ತಮಾಷೆ ಮಾಡಿದವರು ಬಹಳ ಜನ. ನನಗೆ ಅದು ತಮಾಷೆಯಾಗಿ ಕಾಣಲಿಲ್ಲ. ಅದು ಮನೆಯ ಹೆಂಗಸು ತನ್ನ ಮನಸ್ಸಿನಲ್ಲಿ ಬೇರೆಯಾಗಿ ತೆಗೆದಿಟ್ಟ ಹಣ: ಮಗಳ ಬಾಣಂತನಕ್ಕೆ, ತವರಿನ ಯಾವುದೋ ಕಾರ್ಯಕ್ಕೆ, ಕೇಳಲು ಯಾರೂ ಇಲ್ಲದ ದಿನಕ್ಕೆ. ಎಲ್ಲ ರೂಪಾಯಿಯೂ ಒಂದೇ ಎಂಬುದು ಬ್ಯಾಂಕಿನ ಲೆಕ್ಕ, ಮನೆಯಲ್ಲಿ ಹಾಗಿಲ್ಲ. ಜನ ಒಂದೊಂದು ಹಣಕ್ಕೂ ಒಂದೊಂದು ಗುರುತು ಹಾಕಿ ಬೇರೆ ಬೇರೆ ಇಡುತ್ತಾರೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲಿಜರ್ 1994ರಲ್ಲಿ ಒಂದು ಇಡೀ ಪುಸ್ತಕವಾಗಿ ಬರೆದರು. ನಮ್ಮ ಅಮ್ಮಂದಿರಿಗೆ ಅದು ಮೊದಲೇ ಗೊತ್ತಿತ್ತು.

ಆದರೆ ಆ ಡಬ್ಬಿಯಲ್ಲಿ ಎರಡು ಸಂಗತಿ ಒಟ್ಟಿಗೆ ಇವೆ. ಒಂದು, ಮನೆಯವರ ಮೇಲಿನ ಕಾಳಜಿ. ಇನ್ನೊಂದು, "ಇದು ಗೊತ್ತಾದರೆ ಕಿತ್ತುಕೊಳ್ಳುತ್ತಾರೆ" ಎಂಬ ಅಂಜಿಕೆ. ಮೊದಲನೆಯದನ್ನು ಉಳಿಸಿಕೊಳ್ಳಬೇಕು. ಎರಡನೆಯದು ಇರುವ ಮನೆಯಲ್ಲಿ ಹಣಕ್ಕಿಂತ ಮೊದಲು ಸರಿಯಾಗಬೇಕಾದದ್ದು ಬೇರೆ ಏನೋ ಇದೆ. ಆಕೆಯ ಹೆಸರಿನಲ್ಲೇ ಒಂದು ಖಾತೆ, ಅದರ ಪಾಸ್‌ಬುಕ್ಕು ಆಕೆಯ ಕೈಯಲ್ಲಿ, ಅದನ್ನು ಯಾರೂ ಕೇಳದಿರುವುದು. ಇಷ್ಟು ಮರ್ಯಾದೆ ಎಷ್ಟೋ ಮನೆಗಳಲ್ಲಿ ಇನ್ನೂ ಇಲ್ಲ.

ನಮ್ಮ ಮನಸ್ಸನ್ನು ನಾವೇ ಓದುವುದಕ್ಕೆ ನಾನು ಹೇಳುವ ಕ್ರಮ ಸರಳ. ಹಿಂದಿನ ಮೂರು ತಿಂಗಳ ಪಾಸ್‌ಬುಕ್ಕು ಮತ್ತು ಫೋನಿನಲ್ಲಿ ಮಾಡಿದ ಪಾವತಿಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಕೂಡಿ ಕಳೆಯಬೇಡಿ. ಒಂದೊಂದು ಸಾಲನ್ನೂ ಓದುತ್ತಾ, ಇದನ್ನು ಕೊಟ್ಟಾಗ ಮನಸ್ಸಿಗೆ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಹಿಗ್ಗಿನಿಂದ ಕೊಟ್ಟದ್ದಕ್ಕೆ ಒಂದು ಗುರುತು, ಅಂಜಿಕೊಂಡು ಕೊಟ್ಟದ್ದಕ್ಕೆ ಇನ್ನೊಂದು. ಏನೂ ಅನಿಸದೆ ಕೊಟ್ಟದ್ದೇ ಬಹಳ ಇರುತ್ತದೆ. ನೋಟನ್ನು ಎಣಿಸಿ ಕೊಡುವಾಗ ಕೈಗೆ ತಾಗುತ್ತಿದ್ದ ಭಾರ ಫೋನನ್ನು ಹಿಡಿದು ಸ್ಕ್ಯಾನ್ ಮಾಡುವಾಗ ತಾಗುವುದಿಲ್ಲ. ಹಾಗೆ ಏನೂ ಅನಿಸದೆ ಕೊಟ್ಟದ್ದನ್ನು ಸದ್ಯಕ್ಕೆ ಬಿಡಿ. ಗುರುತು ಬಿದ್ದ ಸಾಲುಗಳನ್ನು ಮಾತ್ರ ನೋಡಿ. ಆಮೇಲೆ ಎರಡು ಸಂದರ್ಭ ನೆನಪು ಮಾಡಿಕೊಳ್ಳಿ. ಹಣವಿದ್ದೂ "ಇಲ್ಲ" ಎಂದದ್ದು ಕೊನೆಯ ಬಾರಿ ಯಾರಿಗೆ? ಹಣವಿಲ್ಲದೆಯೂ ಸಾಲ ಮಾಡಿ ಕೊಟ್ಟದ್ದು ಯಾರಿಗೆ? ಈ ಎರಡು ಹೆಸರುಗಳು ಸಿಕ್ಕರೆ ನಿಮ್ಮ ಬಗ್ಗೆ ನಿಮಗೆ ಬಹಳ ತಿಳಿಯುತ್ತದೆ. "ನನಗೆ ಮಕ್ಕಳ ಓದೇ ಮುಖ್ಯ" ಎಂದು ಬಾಯಲ್ಲಿ ಹೇಳುವವರ ಪಟ್ಟಿಯಲ್ಲಿ ಪುಸ್ತಕದ ಸಾಲು ಒಂದೂ ಇಲ್ಲದೆ, ಬಂಧುಗಳ ಗೃಹಪ್ರವೇಶದ ಉಡುಗೊರೆಗಳೇ ತುಂಬಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಅವರಿಗೆ ನಿಜವಾಗಿ ಮುಖ್ಯವಾದದ್ದು ಬಂಧುಬಳಗ. ಅದನ್ನು ಧೈರ್ಯವಾಗಿ ಒಪ್ಪಿಕೊಂಡರೆ ಮುಂದಿನ ದಾರಿ ಸುಲಭ.

ಅಂಜಿಕೆಯ ಗುರುತು ಅತಿ ಹೆಚ್ಚು ಬೀಳುವುದು ಮದುವೆಯ ಖರ್ಚಿನ ಮೇಲೆ. ನಾಲ್ಕು ಜನ ಏನಂದಾರು ಎಂಬ ಆ ನಾಲ್ಕು ಜನರಲ್ಲಿ ಒಬ್ಬರೂ ಮುಂದೆ ಕಂತು ಕಟ್ಟಲು ಬರುವುದಿಲ್ಲ. ಮದುವೆಯ ಸಾಲ ತೀರಿಸಲು ಸಂಘದಲ್ಲಿ ಸಾಲ, ಅದನ್ನು ತೀರಿಸಲು ಮೈಕ್ರೋಫೈನಾನ್ಸಿನವರ ಸಾಲ, ಆಮೇಲೆ ವಾರದ ಬಡ್ಡಿಯವರು. ವಸೂಲಿಯ ಕಿರುಕುಳಕ್ಕೆ ಊರು ಬಿಟ್ಟು ಹೋದವರ ಸುದ್ದಿ ಹೆಚ್ಚಿ, ಅದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ವಸೂಲಿಗಾರರನ್ನು ತಡೆಯಬಹುದು. ಚಪ್ಪರ ದೊಡ್ಡದಾಗಬೇಕು ಎಂಬ ಒಳಗಿನ ಒತ್ತಾಯವನ್ನು ನಾವೇ ತಡೆಯಬೇಕು.

ಪ್ರೀತಿ ಮತ್ತು ಅಂಜಿಕೆ ಎರಡೂ ಬಿಡಿಸಲಾಗದಂತೆ ಹೆಣೆದುಕೊಂಡಿರುವ ಇನ್ನೊಂದು ಜಾಗವಿದೆ. ಹೆಣ್ಣುಮಕ್ಕಳು ತವರಿನ ಪಾಲನ್ನು ಬಿಟ್ಟುಕೊಡುವ ಜಾಗ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳ ಮಾತು ಬೇರೆ; ಉಳಿದ ಹಿಂದೂ ಕುಟುಂಬಗಳ ಬಗ್ಗೆ ಹೇಳುತ್ತಿದ್ದೇನೆ. ಕರ್ನಾಟಕ 1994ರಲ್ಲೇ ಕಾನೂನಿಗೆ ತಿದ್ದುಪಡಿ ಮಾಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂತು. ತಂದೆ ಅದಕ್ಕೂ ಮೊದಲೇ ತೀರಿಹೋಗಿದ್ದರೂ ಹಕ್ಕು ಹುಟ್ಟಿನಿಂದಲೇ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹೀಗಿದ್ದೂ ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. "ಪಾಲು ತೆಗೆದುಕೊಂಡರೆ ಅಣ್ಣನ ಮನೆಯ ಬಾಗಿಲು ಮುಚ್ಚುತ್ತದೆ. ಹಬ್ಬಕ್ಕೆ ಕರೆಯುವವರು ಯಾರು?" ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತವರು ಎಂಬುದು ಎಕರೆಯಲ್ಲಿ ಅಳೆಯುವ ವಸ್ತುವಲ್ಲ. ಅಣ್ಣನ ಕಷ್ಟ ನೋಡಿ, ತನ್ನ ಮನೆ ನೆಮ್ಮದಿಯಾಗಿದೆ ಎಂದು, ಮನಸಾರೆ ಬಿಟ್ಟುಕೊಟ್ಟ ಅಕ್ಕಂದಿರನ್ನು ಕಂಡಿದ್ದೇನೆ. ಆ ಸಹಿ ದೊಡ್ಡದು. ಆದರೆ ಗಂಡ ಕುಡಿದು ಹೊಡೆಯುವ ಮನೆಯಲ್ಲಿದ್ದು, ಕೈಯಲ್ಲಿ ಸ್ವಂತದ್ದೇನೂ ಇಲ್ಲದೆ, ಕರೆಯದೇ ಹೋದಾರು ಎಂಬ ಒಂದೇ ಭಯಕ್ಕೆ ಸಹಿ ಹಾಕಿದವರನ್ನೂ ಕಂಡಿದ್ದೇನೆ. ಕಾಗದದಲ್ಲಿ ಎರಡೂ ಒಂದೇ. ಸಹಿ ಹಾಕುವ ಮೊದಲು ಆಕೆ ತನ್ನನ್ನೇ ಒಂದು ಮಾತು ಕೇಳಿಕೊಳ್ಳಬೇಕು: ನಾನು ಒಲ್ಲೆ ಎಂದರೂ ಅಣ್ಣ ನನ್ನನ್ನು ಹಬ್ಬಕ್ಕೆ ಕರೆಯುತ್ತಾನೆ ಎಂಬ ನಂಬಿಕೆ ನನಗಿದೆಯೇ? ಇದ್ದರೆ, ಬಿಟ್ಟುಕೊಡುವುದು ಆಕೆಯ ಆಯ್ಕೆ. ಇಲ್ಲದಿದ್ದರೆ ಅದು ಆಕೆ ತೆರುತ್ತಿರುವ ದಂಡ.

ಸಾಕು ಎನ್ನುವುದೂ ಹೀಗೆಯೇ. ಹೆದರಿ ಸಾಕು ಎನ್ನುವುದು ಒಂದು, ತಿಳಿದು ಸಾಕು ಎನ್ನುವುದು ಇನ್ನೊಂದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದ ಕೂಡಲೇ ಗುರುತು ಹಿಡಿದಳು. ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದಳು. ಇದನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ನೋಡಿದ ಕೂಡಲೇ ಹೆಚ್ಚಾಗಿದೆ ಎಂದು ಆಕೆಗೆ ತಿಳಿದದ್ದು. ಇಬ್ಬರ ಊಟಕ್ಕೆ, ಬರುವ ಜಂಗಮರ ದಾಸೋಹಕ್ಕೆ ಎಷ್ಟು ಬೇಕು ಎಂಬ ಅಳತೆ ಆಕೆಯ ಕೈಯಲ್ಲಿ ಮೊದಲೇ ಇತ್ತು. ಅಳತೆ ಇದ್ದವರಿಗೆ ಮಾತ್ರ ಹೆಚ್ಚು ಎಂಬುದು ಕಾಣುತ್ತದೆ. ನಮ್ಮಲ್ಲಿ ಎಷ್ಟು ಜನ, ತಿಂಗಳಿಗೆ ಇಷ್ಟಿದ್ದರೆ ನಮ್ಮ ಮನೆ ನೆಮ್ಮದಿಯಾಗಿ ನಡೆಯುತ್ತದೆ ಎಂದು ಒಂದು ಮೊತ್ತವನ್ನು ಹೇಳಬಲ್ಲೆವು? ಗಂಡಹೆಂಡತಿ ಬೇರೆ ಬೇರೆ ಚೀಟಿಯಲ್ಲಿ ಆ ಮೊತ್ತವನ್ನು ಬರೆದು, ಒಬ್ಬರದನ್ನು ಇನ್ನೊಬ್ಬರು ನೋಡಿದರೆ ಎಷ್ಟೋ ವರ್ಷಗಳ ಜಗಳದ ಕಾರಣ ಸಿಗಬಹುದು.

ಅಳತೆ ಇಲ್ಲದ್ದರ ಇನ್ನೊಂದು ತುದಿ ನಮ್ಮ ವಯಸ್ಸಾದ ತಂದೆತಾಯಿಗಳಲ್ಲಿ ಕಾಣುತ್ತದೆ. ಪಿಂಚಣಿ ಬರುತ್ತದೆ, ಠೇವಣಿ ಇದೆ, ಆದರೂ ಕಣ್ಣಿನ ಪೊರೆಯ ಆಪರೇಶನ್ನನ್ನು ಮುಂದೂಡುತ್ತಾರೆ. ಮಂಡಿನೋವಿದ್ದರೂ ಆಟೋ ಹತ್ತುವುದಿಲ್ಲ. ಅದು ಜಿಪುಣತನವಲ್ಲ. ಯಾವುದೋ ಕಷ್ಟದ ವರ್ಷ ಅವರ ಒಳಗೆ ಇನ್ನೂ ಮುಗಿದಿಲ್ಲ. "ನಿಮ್ಮ ದುಡ್ಡು ನೀವು ಖರ್ಚು ಮಾಡಿ" ಎಂದು ರೇಗಿದರೆ ಪ್ರಯೋಜನವಿಲ್ಲ. ಪಾಸ್‌ಬುಕ್ಕನ್ನು ಪಕ್ಕದಲ್ಲಿ ಕೂತು ಓದಿ ಹೇಳಿ. ಇಷ್ಟು ಬಡ್ಡಿ ಬರುತ್ತದೆ, ಇಷ್ಟು ಖರ್ಚಿದೆ, ಇಷ್ಟು ಉಳಿಯುತ್ತದೆ ಎಂದು ಪ್ರತಿ ತಿಂಗಳೂ ಹೇಳಿ. ಭಯ ಒಂದೇ ಸಲ ಹೋಗುವುದಿಲ್ಲ, ಆದರೆ ಆಪರೇಶನ್ನಿನ ದಿನ ಗೊತ್ತುಮಾಡಲು ಒಪ್ಪುವಷ್ಟು ಸಡಿಲವಾಗುತ್ತದೆ.

ಮಕ್ಕಳ ವಿಷಯದಲ್ಲಿ ನನ್ನದೊಂದು ಕೋರಿಕೆ. ಕೇಳಿದ್ದನ್ನು ಕೊಡಿಸಲು ಇಷ್ಟವಿಲ್ಲದಾಗ "ದುಡ್ಡಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳಬೇಡಿ. ನಿಜವಾಗಿ ಇಲ್ಲದಿದ್ದರೆ ಇಲ್ಲ ಎನ್ನಿ. ಇದ್ದೂ ಕೊಡಿಸದಿದ್ದರೆ, "ದುಡ್ಡಿದೆ, ಆದರೆ ಅದನ್ನು ಅಜ್ಜಿಯ ಔಷಧಕ್ಕೆ ಇಟ್ಟಿದ್ದೇನೆ," "ಅದನ್ನು ಬೇಸಿಗೆಯಲ್ಲಿ ಊರಿಗೆ ಹೋಗಲು ಇಟ್ಟಿದ್ದೇವೆ" ಎಂದು ಕಾರಣ ಹೇಳಿ. ಮಗು ಅಳಬಹುದು, ವಾದ ಮಾಡಬಹುದು, ಊರಿಗೆ ಹೋಗುವುದಕ್ಕಿಂತ ಸೈಕಲ್ಲೇ ಮೇಲು ಎನ್ನಬಹುದು. ವಾದ ಮಾಡಲಿ. ಒಮ್ಮೊಮ್ಮೆ ಅದರ ಮಾತೇ ಸರಿಯಿರುತ್ತದೆ, ಆಗ ಸೈಕಲ್ ಕೊಡಿಸಿ.